ಗಾಳಿಗೆ ಏಳುನೂರು ಗ್ರಾಂ

ಹೆಂಡತಿ: ಐವತ್ತು ಗ್ರಾಮಾ? ಪರದೇಶದಲ್ಲಿ ಮಗುಗೆ ಜ್ವರ ಬಂದ್ರೆ ಅನ್ನೋದಕ್ಕೆ ಬರೀ ಐವತ್ತು ಗ್ರಾಮಾ?

ಗಂಡ: ಜ್ವರ ಬಂದು ಹೋಗೋ ವಸ್ತು ಕಣೇ. ನಿಲ್ಲದೇ ಇರೋದಕ್ಕೆಲ್ಲ ಜಾಸ್ತಿ ತೂಕ ಕೊಡಕ್ಕಾಗಲ್ಲ.

ಹೆಂಡತಿ: ಮತ್ತೆ ಗಾಳಿಗೆ ಏಳುನೂರು ಕೊಟ್ಟಿದೀರಲ್ಲ? ಗಾಳಿ ಏನು ಬಂದು ಕುರ್ಚಿ ಎಳ್ಕೊಂಡು ಕೂತ್ಕೊಳುತ್ತಾ?

ಗಂಡ: ಅದು ಅಲ್ಲಿನ ಗಾಳಿ. ಶುದ್ಧವಾದ ಗಾಳಿ. ಶುದ್ಧ ಮಾಲಿಗೆ ಯಾವತ್ತೂ ತೂಕ ಜಾಸ್ತಿ. ಹದಿನಾಲ್ಕು ವರ್ಷದ ಸರ್ವಿಸು ನನ್ನದು. ನನಗೆ ತೂಗೋದು ಹೇಳಿಕೊಡ್ತೀಯಾ?

ಅತ್ತೆ: ಹೇಳಿಕೊಡಬೇಡಮ್ಮ. ಅವನ ತಲೆಗೂ ತೂಕ ಇದೆ ಅಂತ ನಾನೇ ಮೂವತ್ತೆಂಟು ವರ್ಷದಿಂದ ನಂಬಿಕೊಂಡು ಬಂದಿದೀನಿ.

ಶನಿವಾರ, ಮಧ್ಯಾಹ್ನ ಮೂರು ಗಂಟೆ. ಎರಡನೇ ಮಹಡಿಯ ಮನೆಯ ಹಾಲಿನಲ್ಲಿ ಒಗೆದ ಬಟ್ಟೆ ಒಂದು ಕುರ್ಚಿಯ ಮೇಲೆ, ಮಡಿಸಿದ ಬಟ್ಟೆ ಇನ್ನೊಂದರ ಮೇಲೆ. ಹಾಗಾಗಿ ಮೂವರೂ ನೆಲದ ಮೇಲೆಯೇ ಕೂತಿದ್ದರು. ಎದುರು ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಬೆನ್ನು ಮುಂದೆ ಮಾಡಿ ಅಂಟಿಸಲಾಗಿತ್ತು. ನಡುವೆ ಒಂದು ಗೆರೆ. ಎಡಕ್ಕೆ ‘ಹೋದರೆ ಲಾಭ’, ಬಲಕ್ಕೆ ‘ಹೋದರೆ ನಷ್ಟ’. ಒಂದೊಂದು ಸಾಲಿನ ಮುಂದೆಯೂ ಗ್ರಾಂ, ಕಿಲೋ.

ಇದನ್ನು ಬರೆದಾತ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಅನುಮಾನಿಸುವುದು ಅವನ ಉದ್ಯೋಗ. ಅಂಗಡಿಯವರು ಎದುರಿಗೆ ‘ಸಾರ್’ ಎಂದು, ಬೆನ್ನ ಹಿಂದೆ ‘ತಕ್ಕಡಿ ಸಾಹೇಬ’ ಎಂದು ಕರೆಯುತ್ತಿದ್ದರು. ಪರದೇಶವೊಂದಕ್ಕೆ ಹೋಗಿ ನೆಲೆಸಲು ಹೋದ ವರ್ಷ ಏಜೆಂಟನ ಮೂಲಕ ಅರ್ಜಿ ಹಾಕಿದ್ದ. ಮೂರು ವಾರದ ಹಿಂದೆ ‘ಬನ್ನಿ’ ಎಂದು ಪತ್ರ ಬಂದಿತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿ ಇವತ್ತು ಸಂಜೆ ಐದರೊಳಗೆ ಏಜೆಂಟನ ಆಫೀಸಿಗೆ ಮುಟ್ಟಿಸಬೇಕು. ತಪ್ಪಿದರೆ ಆ ಜಾಗ ಸಾಲಿನಲ್ಲಿರುವ ಮುಂದಿನವರ ಪಾಲು.

ಹೆಂಡತಿ: ಇದೇನಿದು? ‘ಅವಳ ಅಣ್ಣಂದಿರು ಪದೇ ಪದೇ ಮನೆಗೆ ಬರುವುದಿಲ್ಲ: ಎರಡು ಕಿಲೋ.’ ಇದನ್ನ ಲಾಭದ ಕಡೆ ಬರ್ದಿದೀರಾ?

ಗಂಡ: ನಾನು ಭಾವನೆಗಳನ್ನ ಬೆರೆಸಲ್ಲ. ಇದ್ದದ್ದನ್ನ ಇದ್ದ ಹಾಗೆ ತೂಗ್ತೀನಿ.

ಹೆಂಡತಿ: ನಮ್ಮಣ್ಣ ಕೊನೇ ಸಲ ಬಂದದ್ದು ನಿಮ್ಮ ಸ್ಕೂಟರು ರಿಪೇರಿ ಮಾಡಿಕೊಡೋಕೆ.

ಗಂಡ: ಮಾಡಿ ಊಟಕ್ಕೂ ಕೂತ.

ಅತ್ತೆ: ಇದೆಲ್ಲ ಇರ್ಲಿ. ನನ್ನ ಮುಂದೆ ಯಾಕೋ ಮೂರು ಕಿಲೋ ಅಂತ ಬರ್ದಿದೀಯ? ವಿಮಾನದವರು ಮೂರೇ ಕಿಲೋ ಬಿಡ್ತಾರಾ? ಮೂರು ಕಿಲೋದಲ್ಲಿ ನನ್ನ ಒಂದು ಕಾಲೂ ಬರಲ್ಲ.

ಗಂಡ: ಅದು ನಿನ್ನ ತೂಕ ಅಲ್ಲಮ್ಮ. ನಿನ್ನ ಬಿಟ್ಟು ಹೋಗೋ ದುಃಖದ ತೂಕ.

ಅತ್ತೆ: ಓ, ದುಃಖಾನಾ! ಒಂಬತ್ತು ತಿಂಗಳು ಹೊತ್ತದ್ದಕ್ಕೆ ಮೂರು ಕಿಲೋ. ನೀನು ಹುಟ್ಟಿದಾಗ್ಲೇ ಮೂರೂಕಾಲು ಇದ್ದೆ ಕಣೋ, ಕಾಲು ಕಿಲೋ ಎಲ್ಲಿ ನುಂಗ್ದೆ?

ಗಂಡ: ನಿನ್ನ ದುಃಖ ಕಮ್ಮಿ ಯಾಕಂದ್ರೆ ನೀನಿರೋದು ಅಕ್ಕನ ಮನೇಲಿ. ನಾನಿದ್ರೂ ನೀನು ದಿನಾ ಬರೋದು ಮೊಮ್ಮಗಳನ್ನ ನೋಡೋಕೆ, ನನ್ನನ್ನಲ್ಲ.

ಅತ್ತೆ: ಇದೊಂದು ಸರಿಯಾಗಿ ತೂಗಿದೀಯ.

ಎರಡು ವರ್ಷದ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಕೂತು ಬಟ್ಟೆಯ ಕ್ಲಿಪ್ಪೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ತಾಯಿ ಅದನ್ನು ಕಿತ್ತುಕೊಂಡಳು, ಮಗುವಿನ ಬಾಯೊಳಗೆ ಬೆರಳಾಡಿಸಿ ಇನ್ನೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು, ಹಣೆ ಮುಟ್ಟಿದಳು, ಆಮೇಲೆ ಹೋಲಿಕೆಗೆ ತನ್ನ ಹಣೆಯನ್ನೂ ಮುಟ್ಟಿಕೊಂಡಳು. ಎರಡೂ ಒಂದೇ ಬಿಸಿ ಇದ್ದವು. ಅವಳಿಗೆ ಅದೂ ಭಯವೇ; ಇಬ್ಬರಿಗೂ ಜ್ವರವಿದ್ದರೆ?

ಹೆಂಡತಿ: ರೀ, ಕೊನೇ ಸಲ ಕೇಳ್ತಿದೀನಿ. ನಾವು ಹೋಗೋ ಊರಲ್ಲಿ ಮನೆ ಹತ್ರ ಆಸ್ಪತ್ರೆ ಇದ್ಯಾ?

ಗಂಡ: ಇರುತ್ತೆ.

ಹೆಂಡತಿ: ಇರುತ್ತೆ ಅಂದ್ರೆ?

ಗಂಡ: ಅಷ್ಟು ಮುಂದುವರಿದ ದೇಶ. ಆಸ್ಪತ್ರೆ ಇಲ್ದೇ ಇರುತ್ತಾ?

ಹೆಂಡತಿ: ಡಾಕ್ಟರಿಗೆ ನಮ್ಮ ಮಾತು ಅರ್ಥ ಆಗುತ್ತಾ? ಮಗು ‘ಉವ್ವಾ’ ಅಂದ್ರೆ ಹೊಟ್ಟೆನೋವು, ‘ಉವ್ವೂ’ ಅಂದ್ರೆ ಕಿವಿನೋವು ಅಂತ ಅವರಿಗೆ ಯಾರು ಹೇಳ್ತಾರೆ?

ಗಂಡ: ಅದು ನನಗೇ ಗೊತ್ತಿಲ್ಲ.

ಹೆಂಡತಿ: ಅದೇ ನನ್ನ ಭಯ! ಊರು ಯಾವ್ದು? ಚಳಿ ಎಷ್ಟು? ನಿಮಗೆ ಏನು ಕೆಲಸ ಕೊಡ್ತಾರೆ? ಮೂರು ವಾರದಿಂದ ಕೇಳ್ತಿದೀನಿ, ಪತ್ರ ನನ್ನ ಕೈಗೆ ಕೊಟ್ಟೇ ಇಲ್ಲ.

ಗಂಡ: ಸರ್ಕಾರಿ ಕಾಗದ ಹಾಗೆಲ್ಲ ಮನೇಲಿ ಬಿಸಾಕೋದಲ್ಲ. ಮಗು ಹರಿದ್ರೆ?

ಅತ್ತೆ: ಮಗು ಹರಿಯೋದು ನಿನ್ನ ಪೇಪರು ಒಂದೇ. ಅದೂ ನೀನು ಓದಿ ಮುಗಿಸಿದ ಮೇಲೆ, ಪಾಪ.

ಹೆಂಡತಿ: ನೀವಾದ್ರೂ ಪೂರ್ತಿ ಓದಿದೀರೇನ್ರಿ?

ಗಂಡ ಕಾಲು ಬದಲಿಸಿ ಕೂತ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

ಗಂಡ: ನೋಡಿದೀನಿ.

ಹೆಂಡತಿ: ನಾನು ಕೇಳಿದ್ದು ಓದಿದ್ರಾ ಅಂತ.

ಗಂಡ: ಕೊನೇ ಪುಟದಲ್ಲಿ ಮುದ್ರೆ ಇದೆ. ಮೂರು ಬಣ್ಣದ್ದು, ಬೆರಳಿಟ್ರೆ ಉಬ್ಬು ಸಿಗುತ್ತೆ. ದಿನಾಂಕ ಸರಿ ಇದೆ. ನನ್ನ ಹೆಸರೂ ಇದೆ, ಕಾಗುಣಿತದ ತಪ್ಪಿಲ್ದೆ. ಇನ್ನೇನು ಬೇಕು?

ಹೆಂಡತಿ: ಒಳಗೇನಿದೆ?

ಗಂಡ: ನಿನಗೆ ನಮ್ಮ ಕೆಲಸ ಗೊತ್ತಿಲ್ಲ. ತೂಕದ ಕಲ್ಲು ಕೈಗೆತ್ತಿಕೊಂಡ್ರೆ ಮೊದ್ಲು ಬುಡ ತಿರುಗಿಸಿ ನೋಡೋದು. ಬುಡದಲ್ಲಿ ಈ ವರ್ಷದ ಮುದ್ರೆ ಇದ್ರೆ ಕಲ್ಲು ಸಾಚಾ. ಮುದ್ರೆ ಇಲ್ದಿದ್ರೆ ಅದನ್ನ ದೇವರೇ ಕಡೆದಿದ್ರೂ ಕಳ್ಳ ಕಲ್ಲು. ಹದಿನಾಲ್ಕು ವರ್ಷದಲ್ಲಿ ಮುದ್ರೆ ಬಿಟ್ಟು ಬೇರೆ ಏನನ್ನೂ ನಾನು ಓದಿಲ್ಲ, ಒಂದು ಸಲವೂ ಮೋಸ ಹೋಗಿಲ್ಲ.

ಅತ್ತೆ: ನಿನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಲ್ಲೂ ಮುದ್ರೆ ಚೆನ್ನಾಗಿತ್ತು ಕಣೋ. ನಿಮ್ಮಪ್ಪ ದುರದೃಷ್ಟಕ್ಕೆ ಒಳಗಡೇನೂ ಓದ್ಬಿಟ್ರು.

ಹೆಂಡತಿ: ಅಂದ್ರೆ ಈ ಗೋಡೆ ಮೇಲಿರೋದೆಲ್ಲ? ‘ದೊಡ್ಡ ಆಫೀಸಿನಲ್ಲಿ ದೊಡ್ಡ ಹುದ್ದೆ: ನಾಲ್ಕು ಕಿಲೋ.’ ಇದು ಎಲ್ಲಿಂದ ಬಂತು?

ಗಂಡ: ಅಂದಾಜು.

ಹೆಂಡತಿ: ‘ಅಲ್ಲಿಯ ಜನ ಕೆಲಸಗಾರರಿಗೆ ಬೆಲೆ ಕೊಡುತ್ತಾರೆ: ಮೂರು ಕಿಲೋ.’

ಗಂಡ: ಅದೂ ಅಂದಾಜು. ಆದ್ರೆ ಅನುಭವದ ಅಂದಾಜು.

ಹೆಂಡತಿ: ಅಂಗಡಿಯವನು ಕಣ್ಣಂದಾಜಲ್ಲಿ ತೂಗಿದ್ರೆ ಬಾಗಿಲು ಹಾಕಿಸ್ತೀರಿ. ನನ್ನ ಮಗು ಜೀವನ ಮಾತ್ರ ಕಣ್ಣಂದಾಜಲ್ಲಿ ತೂಗಬಹುದು, ಅಲ್ವಾ? ಕೊಡಿ ಬ್ಯಾಗು.

ಗಂಡ: ಇನ್ನೆರಡು ಸಾಲು ಬರ್ದು ಮೊತ್ತ ಹಾಕ್ತೀನಿ, ತಡಿ.

ಹೆಂಡತಿ: ಮೂರೂಕಾಲು ಆಯ್ತು. ಏಜೆಂಟ್ ಆಫೀಸು ಐದಕ್ಕೆ ಮುಚ್ಚುತ್ತೆ. ಓದದೇ ಇರೋ ಕಾಗದಕ್ಕೆ ಸಹಿ ಹಾಕಿ ನನ್ನ ಮಗೂನ ಎಲ್ಲಿಗೂ ಕರ್ಕೊಂಡು ಹೋಗೋಕೆ ನಾನು ಬಿಡಲ್ಲ. ಕೊಡ್ತೀರೋ, ಇಲ್ಲ ಇದನ್ನೂ ಹರಿಯೋಕೆ ಮಗು ಕೈಗೆ ಕೊಡ್ಲೋ?

ಗಂಡ ಆಫೀಸಿನ ಬ್ಯಾಗು ತಂದ. ಬೀಗದ ಕೈ ಜನಿವಾರದ ಹಾಗೆ ಅವನ ಕೊರಳಲ್ಲೇ ಇತ್ತು. ಏಜೆಂಟ್ ಪತ್ರದ ಬೆನ್ನಿಗೆ ಅನುವಾದವನ್ನೂ ಹೊಲಿದು ಕೊಟ್ಟಿದ್ದ. ಆ ದಾರದ ಗಂಟು ಬಿಚ್ಚಿಯೇ ಇರಲಿಲ್ಲ. ಹೆಂಡತಿ ಹಲ್ಲಿನಿಂದ ದಾರ ಕಚ್ಚಿ ಬಿಡಿಸಿ ಮೊದಲನೇ ಪುಟ ತೆಗೆದಳು.

ಹೆಂಡತಿ: ‘ಮುಖ್ಯ ಅರ್ಜಿದಾರರಿಗೆ ಅಭಿನಂದನೆಗಳು.’

ಗಂಡ: ನೋಡ್ದ್ಯಾ? ಅಭಿನಂದನೆ. ಇಲ್ಲಿ ಹದಿನಾಲ್ಕು ವರ್ಷದಲ್ಲಿ ನನಗೆ ಒಬ್ಬ ಅಭಿನಂದನೆ ಹೇಳಿಲ್ಲ. ಅದನ್ನೂ ಲಾಭದ ಕಡೆ ಬರ್ಕೋತೀನಿ. ಅರ್ಧ ಕಿಲೋ.

ಹೆಂಡತಿ: ‘ನಮ್ಮ ದೇಶದಲ್ಲಿ ವೃದ್ಧರ ಸಂಖ್ಯೆ ಹೆಚ್ಚು, ನಿಮ್ಮ ವೃತ್ತಿಯ ನುರಿತ ಕೈಗಳ ಕೊರತೆ ತೀವ್ರವಾಗಿದೆ.’

ಗಂಡ: ವೃದ್ಧರಿಗೆ ಅಂಗಡಿಯವರು ತೂಕದಲ್ಲಿ ಮೋಸ ಮಾಡ್ತಾರೆ. ನಾನು ಬೇಕೇ ಬೇಕು.

ಹೆಂಡತಿ: ‘ತಾವು ಹನ್ನೊಂದು ವರ್ಷಗಳ ಕಾಲ…’

ಗಂಡ: ಹದಿನಾಲ್ಕು. ತಪ್ಪು ಬರ್ದಿದಾರೆ. ತಿದ್ದಬೇಕು.

ಹೆಂಡತಿ: ‘…ಹನ್ನೊಂದು ವರ್ಷಗಳ ಕಾಲ ಕೃತಕ ಹಲ್ಲುಗಳ ತಯಾರಿಕೆಯಲ್ಲಿ…’

ಕೆಳಗೆ ಬೀದಿಯಲ್ಲಿ ಯಾರೋ ಶಟರು ಎಳೆದ ಸದ್ದು. ಹೆಂಡತಿ ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿ, ಮೇಲಿದ್ದ ಹೆಸರನ್ನು ನೋಡಿದಳು. ಅವಳದೇ ಹೆಸರು. ಮಗು ಹುಟ್ಟುವವರೆಗೆ ಹನ್ನೊಂದು ವರ್ಷ ಅವಳು ಹಲ್ಲು ಕಟ್ಟುವ ಲ್ಯಾಬಿನಲ್ಲಿದ್ದಳು. ಮೇಣದಲ್ಲಿ ಒಸಡು ಕೆತ್ತುವುದು, ಒಂದೊಂದೇ ಹಲ್ಲು ಕೂರಿಸುವುದು, ಅಚ್ಚು ಹಾಕುವುದು, ಉಜ್ಜಿ ಹೊಳಪು ಕೊಡುವುದು.

ಅತ್ತೆ: ಯಾಕೆ ನಿಂತೆ? ಓದು.

ಹೆಂಡತಿ: ಅತ್ತೆ… ಇವರು ಕರ್ದಿರೋದು ನನ್ನ.

ಗಂಡ: ಕೊಡಿಲ್ಲಿ! ಏಜೆಂಟು ಅನುವಾದ ತಪ್ಪು ಮಾಡಿರ್ತಾನೆ. ನನ್ನ ಹೆಸರಿದೆ, ನಾನೇ ಕಣ್ಣಾರೆ ನೋಡಿದೀನಿ.

ಹೆಂಡತಿ: ಇದೆ. ಮೂರನೇ ಪುಟದಲ್ಲಿ, ಒಂದು ಚೌಕದೊಳಗೆ. ‘ಅವಲಂಬಿತರು: ಇಬ್ಬರು.’ ಒಂದನೇದು ಮಗು. ಎರಡನೇದು ನೀವು.

ಅತ್ತೆ: ಮಗು ಆದ್ಮೇಲಾ?

ಹೆಂಡತಿ: ವಯಸ್ಸಿನ ಪ್ರಕಾರ ಇರಬೇಕು ಅತ್ತೆ.

ಅತ್ತೆ: ಬುದ್ಧಿ ಪ್ರಕಾರ ಇರಬೇಕು.

ಗಂಡ: ಸಾಧ್ಯಾನೇ ಇಲ್ಲ. ಅರ್ಜಿ ತುಂಬಿದ್ದು ನಾನು! ನಿನ್ನ ಕೆಲಸ ಹಾಕಿದ್ದು ಯಾಕೆ ಗೊತ್ತಾ? ಹೆಂಡತಿ ಕಾಲಂ ಖಾಲಿ ಬಿಡಬಾರದು ಅಂತ ಏಜೆಂಟ್ ಅಂದ. ನನ್ನ ಕೆಲಸದ ಬಗ್ಗೆ ಏನೂ ಬರ್ದಿಲ್ವಾ?

ಹೆಂಡತಿ: ಬರ್ದಿದಾರೆ. ‘ತೂಕ ಮತ್ತು ಅಳತೆ ಪರಿಶೀಲನೆ: ನಮ್ಮ ದೇಶದಲ್ಲಿ ಈ ವೃತ್ತಿಯ ಅಗತ್ಯ ಸದ್ಯಕ್ಕಿಲ್ಲ. ಇಲ್ಲಿಯ ತಕ್ಕಡಿಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ.’

ಗಂಡ: ತಮ್ಮನ್ನ ತಾವೇ? ಕಳ್ಳನಿಗೇ ಪೊಲೀಸ್ ಕೆಲಸ ಕೊಟ್ಟ ಹಾಗೆ! ಇಂಥ ದೇಶಕ್ಕೆ ಮರ್ಯಾದಸ್ಥರು ಹೋಗ್ತಾರಾ?

ಹೆಂಡತಿ: ಹತ್ತು ನಿಮಿಷದ ಹಿಂದೆ ನೀವು ಹೋಗ್ತಿದ್ರಲ್ಲ.

ಗಂಡ: ಅದು ಸರಿಯಾಗಿ ತೂಗೋಕೆ ಮುಂಚೆ.

ಅವನು ಎದ್ದು ಗೋಡೆಯ ಹತ್ತಿರ ಹೋಗಿ ಕೆಂಪು ಪೆನ್ನು ತೆಗೆದ. ಅಂಗಡಿಯವರಿಗೆ ದಂಡ ಹಾಕುವಾಗ ಅವನ ಮುಖ ಹೇಗಿರುತ್ತದೆಂದು ಹೆಂಡತಿ ಇವತ್ತು ಮೊದಲ ಸಲ ನೋಡಿದಳು.

ಗಂಡ: ಗಾಳಿ. ಏಳುನೂರು ಗ್ರಾಂ. ಸೊನ್ನೆ! ಗಾಳಿಗೆ ಎಲ್ಲಾದ್ರೂ ತೂಕ ಇರುತ್ತಾ?

ಹೆಂಡತಿ: ಶುದ್ಧ ಮಾಲು ಅಂದ್ರಿ.

ಗಂಡ: ಎಷ್ಟು ಶುದ್ಧ ಆದ್ರೂ ಗಾಳಿ ಗಾಳೀನೇ. ಮುಂದಿಂದು. ದೊಡ್ಡ ಹುದ್ದೆ, ನಾಲ್ಕು ಕಿಲೋ. ಹೊಡೆದು ಹಾಕು. ಕೆಲಸಗಾರರಿಗೆ ಬೆಲೆ ಕೊಡ್ತಾರೆ…

ಅತ್ತೆ: ಅದನ್ನ ಇಡೋ. ಕೊಟ್ಟಿದಾರಲ್ಲ, ನಿನ್ನ ಹೆಂಡ್ತಿಗೆ.

ಗಂಡ: ಅದಕ್ಕೇ ಅದು ಲಾಭ ಅಲ್ಲ! ಇನ್ನು ಈ ಕಡೆ ನೋಡು. ಮಗು ಜ್ವರ. ಐವತ್ತು ಗ್ರಾಂ ಅಂತ ಯಾವ ಮೂರ್ಖ ಬರ್ದ? ಐದು ಕಿಲೋ! ಪಾಪ, ಹಸುಗೂಸು. ಅಪರಿಚಿತ ದೇಶ. ಡಾಕ್ಟರಿಗೆ ಉವ್ವಾ ಯಾವ್ದು ಉವ್ವೂ ಯಾವ್ದು ಅಂತ ಗೊತ್ತಿಲ್ಲ. ನೆನೆಸಿಕೊಂಡ್ರೆ ನನಗೇ ಮೈ ನಡುಗುತ್ತೆ.

ಹೆಂಡತಿ: ಆಹಾ. ಎರಡು ವರ್ಷಕ್ಕೆ ಇವತ್ತು ನಡುಗಿತು ನೋಡಿ ಮೈ. ಅವಳಿಗೆ ನಿಜವಾಗ್ಲೂ ಜ್ವರ ಬಂದ ದಿನ ಗೊರಕೆ ಹೊಡೀತಿತ್ತು.

ಗಂಡ: ಅಮ್ಮನ ದುಃಖ. ಮೂರು ಕಿಲೋ ಅಲ್ಲ, ಹನ್ನೆರಡು!

ಅತ್ತೆ: ತೆಗೆಯೋ ಅದನ್ನ. ನನ್ನ ಹೆಸರಲ್ಲಿ ಕಲಬೆರಕೆ ಮಾಡಬೇಡ.

ಗಂಡ: ಇವಳ ಅಣ್ಣಂದಿರು. ಪಾಪ, ಆ ಸ್ಕೂಟರು ಯಾರು ರಿಪೇರಿ ಮಾಡ್ತಾರೆ? ಎರಡು ಕಿಲೋ, ಈ ಕಡೆಯಿಂದ ಆ ಕಡೆಗೆ.

ಎರಡು ನಿಮಿಷದಲ್ಲಿ ಲಾಭದ ಕಡೆಯ ಹಾಳೆ ಅಭಿನಂದನೆಯೊಂದನ್ನು ಬಿಟ್ಟು ಬೋಳಾಯಿತು. ನಷ್ಟದ ಕಡೆ ಬರೆಯಲು ಜಾಗ ಸಾಲದೆ ಅವನು ಗೋಡೆಯ ಸುಣ್ಣದ ಮೇಲೂ ಎರಡು ಸಾಲು ಬರೆದ. ಅಷ್ಟರಲ್ಲಿ ಹೆಂಡತಿ ನಾಲ್ಕನೇ ಪುಟ ಓದುತ್ತಿದ್ದಳು.

ಹೆಂಡತಿ: ಊರಿನ ಹೆಸರೂ ಇದೆ. ಆಸ್ಪತ್ರೆ ಪಕ್ಕದ ಕಟ್ಟಡದಲ್ಲೇ ಲ್ಯಾಬು. ಕೆಲಸಗಾರರ ಮನೆ ಅದರ ಹಿಂದಿನ ಬೀದೀಲಿ. ಮಕ್ಕಳ ಡಾಕ್ಟರು ದಿನಾ ಇರ್ತಾರಂತೆ. ಮೂರು ವಾರದಿಂದ ನಾನು ನಿದ್ದೆ ಕೆಡಿಸಿಕೊಂಡದ್ದೆಲ್ಲ ಇದರಲ್ಲೇ ಇತ್ತಲ್ರೀ!

ಗಂಡ: ಬರ್ದಿದ್ದೆಲ್ಲ ನಿಜ ಅಂತ ನಂಬಬೇಡ.

ಹೆಂಡತಿ: ಮುದ್ರೆ ಇದೆ. ಮೂರು ಬಣ್ಣದ್ದು.

ಗಂಡ: ನೀನು ಕೆಲಸಕ್ಕೆ ಹೋದ್ರೆ ಮಗೂನ ಯಾರು ನೋಡ್ತಾರೆ? ಹೇಳು. ಇದಕ್ಕೇನು ಉತ್ತರ?

ಹೆಂಡತಿ: ‘ಅವಲಂಬಿತರು ಮೊದಲ ಎರಡು ವರ್ಷ ಯಾವುದೇ ಉದ್ಯೋಗ ಮಾಡುವಂತಿಲ್ಲ.’ ಇದೇ ಉತ್ತರ.

ಗಂಡ: ಅಂದ್ರೆ?

ಅತ್ತೆ: ಅಂದ್ರೆ ಮನೇಲಿ ಇಬ್ಬರು ಅವಲಂಬಿತರು. ದೊಡ್ಡ ಅವಲಂಬಿತ ಚಿಕ್ಕ ಅವಲಂಬಿತೆಗೆ ಚಡ್ಡಿ ಹಾಕಬೇಕು.

ಗಂಡ: ನಾನಾ? ಇಡೀ ದಿನಾನಾ? ಒಬ್ಬನೇನಾ?

ಹೆಂಡತಿ: ನಾನೂ ಇಡೀ ದಿನ ಒಬ್ಬಳೇ ರೀ. ಎರಡು ವರ್ಷದಿಂದ.

ಗಂಡ: ನೀನು ತಾಯಿ!

ಹೆಂಡತಿ: ನೀವು ಯಾರು, ಪಕ್ಕದ್ಮನೆಯವರಾ?

ವಾದದಲ್ಲಿ ಸೋತ ಗಂಡಸು ಎಲ್ಲಿ ಹೊಡೆದರೆ ನೋಯುತ್ತದೆಂದು ಹುಡುಕುತ್ತಾನೆ. ಇವನಿಗೆ ಆ ಜಾಗ ತಟ್ಟನೆ ಸಿಕ್ಕಿತು. ದನಿ ತಗ್ಗಿಸಿ, ಹಿತೈಷಿಯ ಹಾಗೆ ಹೆಂಡತಿಯ ಪಕ್ಕದಲ್ಲಿ ಬಂದು ಕೂತ.

ಗಂಡ: ನೋಡು, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನೀನು ಹಲ್ಲು ಮುಟ್ಟಿ ಎರಡು ವರ್ಷ ಆಯ್ತು. ಕೈ ಬಿಟ್ಟುಹೋಗಿರುತ್ತೆ. ಅಷ್ಟು ದೂರ ಹೋಗಿ, ಅವರು ಮೊದಲನೇ ದಿನಾನೇ ನಿನ್ನ ಕೆಲಸ ನೋಡಿ ನಕ್ಕು ವಾಪಸ್ ಕಳಿಸಿದ್ರೆ? ಮಗು ಕಂಕುಳಲ್ಲಿ ಇಟ್ಕೊಂಡು ಯಾವ ಮುಖ ಹೊತ್ತು ಬರ್ತೀಯ?

ಹೆಂಡತಿ ಪತ್ರವನ್ನು ಮಡಿಸಿದ ಬಟ್ಟೆಗಳ ಮೇಲೆ ಇಟ್ಟಳು. ತನ್ನ ಬಲಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದಳು. ಹೆಬ್ಬೆರಳಿನ ತುದಿಯಲ್ಲಿ ಹಿಂದೆ ಮೇಣದ ಚಾಕುವಿನಿಂದ ಆದ ಗಟ್ಟಿ ಚರ್ಮ ಇರುತ್ತಿತ್ತು. ಈಗ ಅದು ಮೆತ್ತಗಾಗಿತ್ತು.

ಹೆಂಡತಿ: ಅದು ನಿಜ. ನನಗೂ ಅದೇ ಹೆದರಿಕೆ.

ಗಂಡ: ನೋಡು! ನೀನೇ ಒಪ್ಕೊಂಡೆ.

ಹೆಂಡತಿ: ಮಗು ಜ್ವರ, ಆಸ್ಪತ್ರೆ, ಚಳಿ ಅಂತ ಮೂರು ವಾರ ನಾನೇ ಬೇಡ ಬೇಡ ಅಂತಿದ್ದೆ. ಈಗ ನನ್ನ ಹೆಸರು ನೋಡಿದ ತಕ್ಷಣ ಹೋಗಬೇಕು ಅನ್ನಿಸ್ತಿದೆ. ಹೋಗಬೇಕು ಅನ್ನಿಸಿದ್ದಕ್ಕೇ ಇನ್ನೂ ಭಯ ಆಗ್ತಿದೆ. ಕೈ ನಿಜವಾಗ್ಲೂ ಮರ್ತಿದ್ರೆ?

ಗಂಡ: ಮರ್ತಿರುತ್ತೆ. ಅದರಲ್ಲಿ ನಾಚಿಕೆ ಏನಿಲ್ಲ.

ಅತ್ತೆ ಮೊಮ್ಮಗಳನ್ನು ತೊಡೆಯಿಂದ ಕೆಳಗಿಳಿಸಿದರು. ಬಾಯಿಗೆ ಬೆರಳು ಹಾಕಿ ಕೆಳಗಿನ ಹಲ್ಲಿನ ಸೆಟ್ಟನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಮಗನ ಎದುರು ನೆಲದ ಮೇಲೆ ಇಟ್ಟರು. ಹಲ್ಲಿಲ್ಲದಿದ್ದರೂ ಅವರ ಮಾತಿಗೆ ಹರಿತ ಕಮ್ಮಿಯಾಗಲಿಲ್ಲ.

ಅತ್ತೆ: ಇದು ಹೋದ ತಿಂಗಳು ಮಧ್ಯಕ್ಕೆ ಎರಡು ಹೋಳಾಗಿತ್ತು. ನೆನಪಿದ್ಯಾ?

ಗಂಡ: ಇದೆ. ದೊಡ್ಡ ಆಸ್ಪತ್ರೆ ಡಾಕ್ಟರ ಹತ್ರ ಸರಿ ಮಾಡಿಸ್ಕೊಂಡು ಬಂದೆ ಅಂತ ನೀನೇ ಅಂದೆ.

ಅತ್ತೆ: ನೀನು ಕೈಯಲ್ಲಿ ಹಿಡ್ಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡ್ದೆ. ಏನಂದೆ?

ಗಂಡ: ಈಗ್ಯಾಕೆ ಅದು?

ಅತ್ತೆ: ಹೇಳೋ, ಏನಂದೆ?

ಗಂಡ: ‘ಬಿರುಕೇ ಕಾಣಲ್ಲ, ಕೆಲಸ ಅಂದ್ರೆ ಹೀಗಿರಬೇಕು’ ಅಂದೆ.

ಅತ್ತೆ: ಅದನ್ನ ಕೂಡಿಸಿದ್ದು ಇವಳು. ಅಡುಗೆಮನೇಲಿ, ಕಿಟಕಿ ಪಕ್ಕ ಕೂತು. ಸೊಂಟದಲ್ಲಿ ಮಗು, ಒಲೆ ಮೇಲೆ ಹಾಲು. ಹಾಲೂ ಉಕ್ಕಲಿಲ್ಲ, ಮಗೂನೂ ಅಳಲಿಲ್ಲ, ನನ್ನ ಹಲ್ಲೂ ಕೂತ್ಕೊಂತು.

ಗಂಡ: ಮತ್ತೆ ಡಾಕ್ಟರು ಅಂತ ಯಾಕೆ ಸುಳ್ಳು ಹೇಳ್ದೆ?

ಅತ್ತೆ: ಸೊಸೆ ಮಾಡಿದ್ದು ಅಂದ್ರೆ ನಾನು ಹೊಗಳಬೇಕಾಗ್ತಿತ್ತಲ್ಲ! ಏಳು ವರ್ಷದಿಂದ ‘ಇವಳು ಕಟ್ಟಿಕೊಟ್ಟ ಈ ಸೆಟ್ಟು ಒತ್ತುತ್ತೆ, ಚುಚ್ಚುತ್ತೆ’ ಅಂತ ಬೈಕೊಂಡು ಬಂದಿದೀನಿ. ಒಂದೇ ದಿನ ಹೇಗೆ ಬದಲಾಯಿಸ್ಲಿ?

ಹೆಂಡತಿ: ಅತ್ತೆ! ಒತ್ತೋದೇ ಇಲ್ವಾ?

ಅತ್ತೆ: ಒತ್ತಿದ್ರೆ ಏಳು ವರ್ಷ ಇಷ್ಟು ಮಾತಾಡೋಕೆ ಆಗ್ತಿತ್ತಾ?

ಹೆಂಡತಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಮಗುವಿನ ಅಂಗಿಯಿಂದ ಒರೆಸಿಕೊಂಡಳು. ಅತ್ತೆ ಹಲ್ಲು ತೊಳೆದು ಹಾಕಿಕೊಂಡು ಬರುವಷ್ಟರಲ್ಲಿ ಅವಳು ಪೆನ್ನು ಹಿಡಿದಿದ್ದಳು. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು.

ಗಂಡ: ತಡಿ! ಗೋಡೆ ನೋಡು. ನಷ್ಟದ ಕಡೆ ಇಪ್ಪತ್ತಾರು ಕಿಲೋ ನಾನೂರು ಗ್ರಾಂ. ಲಾಭದ ಕಡೆ ಅರ್ಧ ಕಿಲೋ, ಅದೂ ಅಭಿನಂದನೆ. ತೂಕ ಸುಳ್ಳು ಹೇಳಲ್ಲ.

ಹೆಂಡತಿ: ತೂಕ ಹೇಳಲ್ಲ. ತೂಗೋರು ಹೇಳ್ತಾರೆ.

ಗಂಡ: ನಾನು ಸಹಿ ಹಾಕಲ್ಲ. ಏನ್ಮಾಡ್ತೀಯ?

ಹೆಂಡತಿ: ‘ಅವಲಂಬಿತರ ಸಹಿ ಅಗತ್ಯವಿಲ್ಲ.’

ಗಂಡ: ಹೆಬ್ಬೆಟ್ಟೂ ಬೇಡ್ವಾ?

ಹೆಂಡತಿ: ಏನೂ ಬೇಡ.

ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಎರಡು ವರ್ಷದಿಂದ ಅವಳು ಸಹಿ ಹಾಕಿದ್ದೆಲ್ಲ ಲಸಿಕೆಯ ಪುಸ್ತಕದಲ್ಲಿ, ಅದೂ ‘ತಾಯಿ’ ಎಂಬ ಗೆರೆಯ ಮೇಲೆ. ಪೂರ್ತಿ ಹೆಸರು ಬರೆಯುವಾಗ ಕೊನೆಯ ಅಕ್ಷರ ಚೌಕದಿಂದ ಹೊರಗೆ ಹೋಯಿತು. ಗಂಡ ಕಿಟಕಿಯ ಹತ್ತಿರ ನಿಂತು ಕೆಳಗಿನ ಬೀದಿ ನೋಡುವವನ ಹಾಗೆ ನಟಿಸಿದ. ಆಮೇಲೆ ತಿರುಗದೆಯೇ ಕೇಳಿದ.

ಗಂಡ: ಅಲ್ಲಿ ಬಾಲ್ಕನಿ ಇರುತ್ತಂತಾ ಮನೆಗೆ?

ಹೆಂಡತಿ: ಯಾಕೆ, ಮರ್ಯಾದಸ್ಥರು ಹೋಗೋ ದೇಶ ಅಲ್ವಲ್ಲ ಅದು?

ಗಂಡ: ಹೆಂಡ್ತಿ ಮಗೂನ ಒಂಟಿಯಾಗಿ ಕಳಿಸಕ್ಕಾಗುತ್ತಾ? ಜವಾಬ್ದಾರಿ ಅಂತ ಒಂದಿರುತ್ತೆ.

ಅತ್ತೆ: ಬಿದ್ರೂ ಮೀಸೆಗೆ ಮಣ್ಣು ಅಂಟಿಲ್ಲ ನೋಡು.

ಹೆಂಡತಿ: ಸರಿ, ಹಾಗಾದ್ರೆ ಬನ್ನಿ ಇಲ್ಲಿ. ಒಪ್ಪಿಗೆ ಕಾಗದದ ಕೊನೇ ಪುಟ ತುಂಬಬೇಕು, ಅವಲಂಬಿತರ ವಿವರ. ಇಬ್ಬರಿಗೂ ಒಂದೇ ಫಾರಂ. ‘ಅವಲಂಬಿತರು ಲಸಿಕೆ ಹಾಕಿಸಿಕೊಂಡಿದ್ದಾರೆಯೇ?’ ಮಗುದು ಆಗಿದೆ. ನಿಮ್ದು?

ಗಂಡ: ಅಮ್ಮ, ನನಗೆ ಹಾಕ್ಸಿದ್ಯಾ?

ಅತ್ತೆ: ಹಾಕ್ಸಿದೀನಿ. ನೀನು ಕಚ್ಚಿದ್ದೆ ನರ್ಸಿಗೆ.

ಹೆಂಡತಿ: ‘ಅವಲಂಬಿತರು ಅಪರಿಚಿತರ ಜೊತೆ ಹೊಂದಿಕೊಳ್ಳುತ್ತಾರೆಯೇ?’ ಮಗು, ಹೌದು. ನೀವು… ಪ್ರಯತ್ನಿಸುತ್ತಾರೆ ಅಂತ ಬರೀತೀನಿ. ‘ಅವಲಂಬಿತರ ತೂಕ.’ ಮಗು ಹನ್ನೊಂದು ಕಿಲೋ. ನಿಮ್ಮದೆಷ್ಟು?

ಗಂಡ: ಗೊತ್ತಿಲ್ಲ.

ಹೆಂಡತಿ: ಗೊತ್ತಿಲ್ವಾ? ಊರಿನ ತಕ್ಕಡಿಗಳೆಲ್ಲ ನಿಮ್ಮ ಕೈ ಕೆಳಗೆ ಇವೆ!

ಗಂಡ: ಯಾವ ತಕ್ಕಡಿ ಮೇಲೂ ನನಗೆ ನಂಬಿಕೆ ಇಲ್ಲ.

ಹೆಂಡತಿ: ಅಂದಾಜಲ್ಲಿ ಹಾಕ್ತೀನಿ. ನಿಮ್ಮದೇ ಪದ್ಧತಿ.

ಗಂಡ ಬಂದು ಪಕ್ಕದಲ್ಲಿ ಕೂತ. ಮೊದಲನೇ ಸಲ, ಅವಳ ಭುಜದ ಮೇಲಿಂದ ಬಗ್ಗಿ, ಕಾಗದವನ್ನು ಒಂದೊಂದೇ ಸಾಲು ಓದತೊಡಗಿದ. ಮಗು ಅವನ ಬೆನ್ನಿಗೆ ಹತ್ತಿತು. ಅವನು ಬೈಯಲಿಲ್ಲ.

ಗಂಡ: ಇನ್ನೊಂದು ಚೌಕ ಇದೆ ನೋಡು. ‘ಅವಲಂಬಿತರಿಗೆ ಬರುವ ಮನೆಗೆಲಸಗಳು.’ ನಾಲ್ಕು ಗೆರೆ ಬಿಟ್ಟಿದಾರೆ. ಬರಿ. ಅಡುಗೆ.

ಹೆಂಡತಿ: ಅಡುಗೆ?

ಗಂಡ: ಕಲಿಬಹುದು ಅಲ್ವಾ. ಬಟ್ಟೆ ಒಗೆಯೋದು. ಅದಂತೂ ಮಿಷನ್ನು. ಪಾತ್ರೆ. ಮಗು ನೋಡ್ಕೊಳೋದು. ನಾಲ್ಕು ಗೆರೆಗೂ ಸರಿ ಹೋಯ್ತು.

ಹೆಂಡತಿ ಪೆನ್ನು ಹಿಡಿದು ಅತ್ತೆಯ ಮುಖ ನೋಡಿದಳು.

ಹೆಂಡತಿ: ಏನು ಬರೀಲಿ ಅತ್ತೆ? ನಾಲ್ಕೂ ಹತ್ತು ಆಯ್ತು.

ಅತ್ತೆ: ಖಾಲಿ ಬಿಡಮ್ಮ. ಸುಳ್ಳು ಬರೆದ್ರೆ ಮೂವರನ್ನೂ ವಾಪಸ್ ಕಳಿಸ್ತಾರೆ. ಖಾಲಿ ಬಿಟ್ರೆ ಇವನೊಬ್ಬನ್ನೇ.